ಕಣ್ಣು ಎಂದು ಕೂಗದ ದಿನ

ಕಿಡಿ ಹಾರಿಸುವ ಮೊದಲು ನಾವು ಕೂಗುತ್ತೇವೆ. "ಕಣ್ಣು!" ಅಷ್ಟೇ, ಒಂದೇ ಮಾತು. ವೆಲ್ಡಿಂಗ್ ರಾಡು ಕಬ್ಬಿಣಕ್ಕೆ ತಾಗುವ ಮೊದಲು ಅಕ್ಕಪಕ್ಕದವರು ಮುಖ ತಿರುಗಿಸಲಿ ಎಂದು. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಮೊದಲ ವಾರ ರಾಡು ಕೈಗೇ ಕೊಡಲಿಲ್ಲ. ಬರೀ ಕೂಗಿಸಿದ. "ಎದುರಿಗೆ ನಿನ್ನ ಶತ್ರುನೇ ನಿಂತಿರ್ಲಿ ಕಣೋ, ಕೂಗ್ಬೇಕು. ಕೂಗದೆ ಕಿಡಿ ಹಾರಿಸಿದವನು ವೆಲ್ಡರ್ ಅಲ್ಲ, ಪಾಪಿ" ಎನ್ನುತ್ತಿದ್ದ.

ಹದಿನೇಳು ವರ್ಷ ಕೂಗಿದ್ದೇನೆ. ಒಂದು ದಿನ ಕೂಗಲಿಲ್ಲ. ಆ ದಿನದ ಮಾತು ಇದು. ತಪ್ಪೊಪ್ಪಿಗೆ ಅಂದುಕೊಳ್ಳಬೇಡಿ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ವೆಲ್ಡಿಂಗ್ ಬೆಳಕನ್ನು ಬರಿಗಣ್ಣಲ್ಲಿ ನೋಡಿದರೆ ಆಗ ಏನೂ ಆಗುವುದಿಲ್ಲ. ಚೆನ್ನಾಗಿದೆ, ನೀಲಿಯಾಗಿದೆ, ನಕ್ಷತ್ರ ಉದುರಿದ ಹಾಗಿದೆ ಎಂದು ನೋಡುತ್ತಾ ನಿಲ್ಲಬಹುದು. ಆರೇಳು ಗಂಟೆ ಕಳೆಯಲಿ, ಆಮೇಲೆ ಕಣ್ಣೊಳಗೆ ಬೊಗಸೆ ಮರಳು ಸುರಿದ ಹಾಗಾಗುತ್ತದೆ. ರೆಪ್ಪೆ ತೆರೆಯಲು ಆಗುವುದಿಲ್ಲ, ಮುಚ್ಚಿದರೂ ಉರಿ ತಪ್ಪುವುದಿಲ್ಲ. ಗಂಡಸರು ಹೆಂಗಸರೆನ್ನದೆ ಗೊಳೋ ಎಂದು ಅಳುತ್ತಾರೆ. ಎರಡು ದಿನಕ್ಕೆ ವಾಸಿಯಾಗುತ್ತದೆ. ನನಗೂ ಆಗಿದೆ, ಅವಸರದಲ್ಲಿ ಮುಖಕ್ಕೆ ಕಪ್ಪು ಗಾಜಿನ ಶೀಲ್ಡ್ ಹಿಡಿಯದೆ ಟ್ಯಾಕ್ ಹಾಕಿದ ದಿನಗಳಲ್ಲಿ. ಟ್ಯಾಕ್ ಅಂದರೆ ತುಂಡುಗಳು ಅಲುಗಾಡದಿರಲಿ ಎಂದು ಮೊದಲು ಹಾಕುವ ಸಣ್ಣ ಚುಕ್ಕೆ ಬೆಸುಗೆ. ಅಂಥ ದಿನಗಳಲ್ಲಿ ಪೇಂಟರ್ ಹಸಿ ಆಲೂಗಡ್ಡೆಯನ್ನು ತೆಳ್ಳಗೆ ಹೆಚ್ಚಿ ನನ್ನ ಎರಡೂ ಕಣ್ಣಿನ ಮೇಲೆ ಇಟ್ಟು, ಬಿಸಿಯಾದ ಹಾಗೆಲ್ಲ ಬದಲಾಯಿಸುತ್ತಾ ಪಕ್ಕದಲ್ಲಿ ಕೂತಿರುತ್ತಿದ್ದ. "ಪಲ್ಯಕ್ಕಿದ್ದ ಆಲೂಗಡ್ಡೆನೆಲ್ಲ ನಿನ್ನ ಕಣ್ಣೇ ತಿಂತು" ಎಂದು ಬೈಯುತ್ತಿದ್ದ.

ಪೇಂಟರ್ ಅಂದರೆ ನಾವಿದ್ದ ಶೆಡ್ಡಿನ ಪೇಂಟರ್. ಆರು ವರ್ಷ ಜೊತೆಗೆ ಕೆಲಸ ಮಾಡಿದೆವು. ಗೇಟು, ಕಿಟಕಿ ಸರಳು, ಮೆಟ್ಟಿಲ ಕಟಕಟೆ. ನಾನು ಬೆಸೆಯುತ್ತಿದ್ದೆ, ಅವನು ಬಣ್ಣ ಹೊಡೆಯುತ್ತಿದ್ದ. "ನಿನ್ನ ಬೆಸುಗೆ ಸಿಡುಬಿನ ಮುಖ ಇದ್ದಂಗಿದೆ. ನಾನು ಮುಚ್ಚದೇ ಇದ್ರೆ ನಿನಗ್ಯಾರು ಕೆಲಸ ಕೊಡ್ತಿದ್ರು?" ಎಂದು ಕಾಡುತ್ತಿದ್ದ. ಇದ್ದದ್ದು ಒಂದೇ ಕೋಣೆಯ ಬಾಡಿಗೆ ಮನೆ. ಅದರಲ್ಲಿ ಎರಡು ಮಂಚ. ಒಂದರ ಮೇಲೆ ಸದಾ ಬಟ್ಟೆಯ ರಾಶಿ. ಮನೆ ಮಾಲೀಕ ಬರುವ ದಿನ ಮಾತ್ರ ರಾಶಿ ಎತ್ತಿ ಹಾಸಿಗೆ ಹಾಸುತ್ತಿದ್ದೆವು. ನಾವು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ಹೀಗೇ ಮುದುಕರಾಗುತ್ತೇವೆ ಅಂದುಕೊಂಡಿದ್ದೆ.

ನಾಲ್ಕು ತಿಂಗಳ ಹಿಂದೆ, ಒಂದು ಭಾನುವಾರ ಮಧ್ಯಾಹ್ನ, ಪಾರ್ಕಿನ ಮೂರನೇ ಬೆಂಚಿನಲ್ಲಿ ಕೂತಿದ್ದೆವು. ಹಿಂದಿನ ದಿನ ಗ್ರೈಂಡರ್ ಹಿಡಿದಾಗ ಕಬ್ಬಿಣದ ಪುಡಿ ನನ್ನ ಕಣ್ಣಿಗೆ ಸಿಡಿದಿತ್ತು. ಅವನು ನನ್ನ ಗದ್ದ ಹಿಡಿದು, ಬೆಳಕಿಗೆ ತಿರುಗಿಸಿ, ಕರ್ಚೀಫಿನ ತುದಿಯಿಂದ ಪುಡಿ ತೆಗೆದ. ಆಮೇಲೆ ಆ ರೆಪ್ಪೆಗೆ ಒಂದು ಮುತ್ತು ಕೊಟ್ಟ. ಇದನ್ನು ನಾನು ಮುಚ್ಚಿಡುವುದಿಲ್ಲ. ಪುಡಿ ತೆಗೆದದ್ದೂ ನಿಜ, ಮುತ್ತು ಕೊಟ್ಟದ್ದೂ ನಿಜ.

"ಏಯ್!" ಎಂಬ ಕೂಗು ಬಂತು. ತಿರುಗಿ ನೋಡಿದರೆ ಪಾರ್ಕಿನ ಸಮಿತಿ. ಏಳೆಂಟು ಜನ. ಮುಂದೆ ಅಧ್ಯಕ್ಷರು, ಕೈಯಲ್ಲಿ ತುದಿಗೆ ಕಬ್ಬಿಣ ಕಟ್ಟಿದ ಊರುಗೋಲು. ಪಾರ್ಕಿಗೆ ಯಾರು ಬಂದರು, ಯಾರ ಪಕ್ಕ ಯಾರು ಕೂತರು ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವವರು ಇವರು. ಅಲ್ಲಿ ಮೋರಿ ಒಡೆದು ವರ್ಷವಾಗಿತ್ತು, ಅದು ಅವರಿಗೆ ಕಂಡಿರಲಿಲ್ಲ.

ನಾನು ಕಾಲಿಗೆ ಬುದ್ಧಿ ಹೇಳಿದೆ.

ಇನ್ನೊಂದು ಸಲ ಬರೆಯುತ್ತೇನೆ, ಓದಿಕೊಳ್ಳಿ. ನಾನು ಅವನ ಕೈ ಬಿಟ್ಟು ಓಡಿದೆ. ಅವನೂ ಹಿಂದೆ ಬರುತ್ತಿದ್ದಾನೆ ಅಂದುಕೊಂಡೆ ಎಂದು ನಾಲ್ಕು ತಿಂಗಳು ನನಗೆ ನಾನೇ ಸುಳ್ಳು ಹೇಳಿಕೊಂಡೆ. ಬೇಲಿ ಹಾರುವಾಗ ತಿರುಗಿ ನೋಡಿದ್ದೆ. ಅವನು ಬೆಂಚಿನಿಂದ ಎದ್ದಿರಲೂ ಇಲ್ಲ.

ಮುಂದಿನದನ್ನು ನನಗೆ ಹೇಳಿದ್ದು ಪಾರ್ಕಿನ ಕಸ ಗುಡಿಸುವ ಅಮ್ಮ. ಏನು ಮಾಡ್ತಿದ್ರಿ ಎಂದು ಅಧ್ಯಕ್ಷರು ಕೇಳಿದರಂತೆ. ಕಣ್ಣಲ್ಲಿ ಕಸ ಬಿದ್ದಿತ್ತು ಸಾರ್, ತೆಗೀತಿದ್ದೆ ಅಂದಿದ್ದರೆ ಮುಗಿಯುತ್ತಿತ್ತು. ಅರ್ಧ ನಿಜವೂ ಆಗುತ್ತಿತ್ತು. ಅವನು, "ಮುತ್ತು ಕೊಟ್ಟೆ" ಅಂದನಂತೆ. ಯಾರಿಗೆ, ಓಡಿಹೋದವನು ಯಾರು, ಹೆಸರು ಹೇಳು, ಬಿಟ್ಟುಬಿಡ್ತೀವಿ ಅಂದರಂತೆ. ಅವನು ಬಾಯಿ ಮುಚ್ಚಿಕೊಂಡ. ಹೊಡೆದರು, ಒದ್ದರು. ಬಿದ್ದವನ ಮುಖಕ್ಕೆ ಊರುಗೋಲಿನ ತುದಿ ಹಿಡಿದು ಅಧ್ಯಕ್ಷರು, "ಹೇಳ್ತೀಯೋ ಇಲ್ವೋ" ಎಂದು ಒತ್ತಿದರು. ಎಡಗಣ್ಣು ಹೋಯಿತು. ಅಮ್ಮ ತನ್ನ ಸೆರಗು ಹರಿದು ಕಟ್ಟಿ, ನೀರು ಕುಡಿಸಿದಳು. ಅವನೇ ಕಾಲು ಜಾರಿ ಬೇಲಿಯ ಮೇಲೆ ಬಿದ್ದದ್ದು ಎಂದು ಪೊಲೀಸರು ಬರೆದುಕೊಂಡರು.

ನನ್ನ ಹೆಸರಿಗೆ ಅವನ ಒಂದು ಕಣ್ಣು ಹೋಯಿತು. ನಾನು ಆಗ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದೆ.

ಆಮೇಲೆ ಅವನು ಕೆಲಸಕ್ಕೆ ಬಂದ. ಒಂಟಿಕಣ್ಣಿನವನಿಗೆ ದೂರ ತಿಳಿಯುವುದಿಲ್ಲವಂತೆ. ಬಣ್ಣದ ಗನ್ನು ಗೇಟಿಗೆ ತೀರಾ ಹತ್ತಿರ ಹಿಡಿಯುತ್ತಿದ್ದ. ಬಣ್ಣ ದಪ್ಪಗೆ ಕೂತು, ಇಳಿದು, ಸೋರುತ್ತಿತ್ತು. ಒರೆಸಿ ಮತ್ತೆ ಹೊಡೆಯುತ್ತಿದ್ದ, ಮತ್ತೆ ಸೋರುತ್ತಿತ್ತು. ಶೆಡ್ಡಿನ ಯಜಮಾನರು ಮೂರನೇ ದಿನ, "ನೋಡಪ್ಪಾ, ಬೇಜಾರ್ ಮಾಡ್ಕೋಬೇಡ" ಅಂದರು. ಬೇಜಾರ್ ಮಾಡ್ಕೋಬೇಡ ಅಂದಮೇಲೆ ಮುಂದಿನ ಮಾತು ಕೇಳುವ ಅಗತ್ಯವಿರುವುದಿಲ್ಲ. ಅವನು ಗನ್ನು ತೊಳೆದು, ಒರೆಸಿ, ಮೊಳೆಗೆ ನೇತುಹಾಕಿ ಬಂದ. ಮನೆಯಲ್ಲಿ ಒಂದು ಮಂಚದ ಮೇಲಿನ ಬಟ್ಟೆಯ ರಾಶಿ ತೆಗೆದ. ಅಲ್ಲಿ ಮಲಗತೊಡಗಿದ. ನೀನು ಓಡಿದೆ ಎಂದು ಒಂದು ದಿನವೂ ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ವಾಸಿ ಇತ್ತು.

ಹೀಗಿರುವಾಗ ಒಂದು ದಿನ ಯಜಮಾನರು ಕರೆದು, "ಪಾರ್ಕಿನ ಕೆಲಸ ಬಂದಿದೆ. ಹನ್ನೆರಡು ಬೆಂಚು. ಒಂದೊಂದರ ನಡುವೆ ಒಂದು ಅಡ್ಡಕಂಬಿ ಬೆಸೀಬೇಕು. ಕೂತವರು ಒಬ್ಬರಿಗೊಬ್ಬರು ಅಂಟ್ಕೋಬಾರ್ದಂತೆ" ಎಂದು ನಕ್ಕರು.

"ನನ್ ಕೈಲಿ ಆಗಲ್ಲ" ಅಂದೆ.

"ಯಾಕಯ್ಯಾ?"

ಯಾಕೆ ಎಂದು ಹೇಳಬೇಕಿದ್ದರೆ ಎಲ್ಲವನ್ನೂ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಬಡವನ ಕೋಪ ದವಡೆಗೆ ಮೂಲ ಎನ್ನುತ್ತಾರೆ. ದವಡೆ ಕಚ್ಚಿಕೊಂಡೇ ಮೆಷಿನನ್ನು ಗಾಡಿಗೆ ಹಾಕಿಕೊಂಡು ಹೋದೆ.

ಬೆಳಿಗ್ಗೆ ಎಂಟಕ್ಕೆ ಸಮಿತಿಯ ಏಳು ಜನ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಎಲ್ಲ ನಿವೃತ್ತರು, ಬೇರೆ ಕೆಲಸವಿಲ್ಲ. ಅಧ್ಯಕ್ಷರು ಬಂದು ನನ್ನ ಮುಖಕ್ಕೆ ಮುಖ ಕೊಟ್ಟು, "ಎಷ್ಟು ಹೊತ್ತಾಗುತ್ತೋ?" ಎಂದು ಕೇಳಿದರು. ಗುರುತು ಸಿಗಲಿಲ್ಲ. ಕೂಲಿಯವನ ಮುಖವನ್ನು ಯಾರು ನೋಡುತ್ತಾರೆ? ನಾಲ್ಕು ತಿಂಗಳಿಂದ ಇವರು ಹುಡುಕುತ್ತಿದ್ದ ಮುಖ ಮೊಳದ ದೂರದಲ್ಲಿತ್ತು.

"ಮೊದಲು ಮೂರನೇ ಬೆಂಚು ಮಾಡು. ಅಲ್ಲೇ ಆ ಕೊಳಕರು ಕೂತಿದ್ದು. ಅದಕ್ಕೆ ಗಟ್ಟಿಯಾಗಿ ಹಾಕು" ಅಂದರು.

"ಯಾರು ಸಾರ್?" ಎಂದೆ. ನನ್ನ ಬಾಯಿಂದ ಹೇಗೆ ಬಂತೋ.

ಅವರು ಕಥೆ ಶುರು ಮಾಡಿದರು. ಎಷ್ಟು ಸಲ ಹೇಳಿದ್ದರೋ ಏನೋ, ಮಾತು ಪಾಠ ಒಪ್ಪಿಸಿದ ಹಾಗೆ ಬರುತ್ತಿತ್ತು. ಇಬ್ಬರು ಗಂಡಸರು. ಹಾಡುಹಗಲು. ಹೆಣ್ಣುಮಕ್ಕಳು ಓಡಾಡುವ ಜಾಗ. ಏನೇನು ಮಾಡುತ್ತಿದ್ದರು ಎಂದು ಪಕ್ಕದ ಕುರ್ಚಿಯವರೂ ಸೇರಿಸಿದರು. ನಾವು ಜನ್ಮದಲ್ಲಿ ಮಾಡದ್ದನ್ನೆಲ್ಲ ಆ ಬೆಂಚಿನ ಮೇಲೆ ಮಾಡಿಸಿದರು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ.

"ಒಬ್ಬನಿಗೆ ಬುದ್ಧಿ ಕಲಿಸಿದ್ವಿ" ಎಂದು ಅಧ್ಯಕ್ಷರು ಊರುಗೋಲನ್ನು ನೆಲಕ್ಕೆ ಕುಟ್ಟಿದರು. "ಇನ್ನೊಬ್ಬ ಓಡಿಹೋದ, ಹೇಡಿ ನನ್ಮಗ. ಸಿಕ್ಕಿದ್ರೆ ಅವನ ಎರಡೂ ಕಣ್ಣು ಕೀಳ್ತಿದ್ದೆ."

ಕುಂಬಳಕಾಯಿ ಕಳ್ಳನ ಹಾಗೆ ನನ್ನ ಕೈ ಹೆಗಲಿಗೆ ಹೋಯಿತು. ಹೇಡಿ ಅಂದದ್ದು ನಿಜವಾದ್ದರಿಂದ ಹೆಚ್ಚು ಉರಿಯಿತು. ಆ ಉರಿಯಲ್ಲಿ ಮನಸ್ಸು ಒಂದು ಕಡೆ ನಿಂತಿತು. ಮೆಷಿನ್ ಹಾಕಿದೆ. ಕ್ಲಾಂಪ್ ಕಚ್ಚಿಸಿದೆ. ರಾಡು ಸಿಕ್ಕಿಸಿದೆ. ಅಭ್ಯಾಸ ನೋಡಿ, ಬಾಯಿ ತಾನಾಗಿಯೇ ತೆರೆಯಿತು. ನಾಲಿಗೆಯ ತುದಿಗೆ ಬಂದಿತ್ತು. ಏಳು ಜನರನ್ನು ಒಂದು ಸಲ ನೋಡಿದೆ. ಕುರ್ಚಿಗಳನ್ನು ಇನ್ನೂ ಹತ್ತಿರ ಎಳೆದುಕೊಂಡಿದ್ದರು. ಮೂರು ಮಾರು ದೂರವೂ ಇರಲಿಲ್ಲ.

ಬಾಯಿ ಮುಚ್ಚಿದೆ.

ಅಷ್ಟರಲ್ಲಿ ಕಸ ಗುಡಿಸುವ ಅಮ್ಮ ಪೊರಕೆ ಹಿಡಿದು ಆ ಕಡೆ ಬಂದಳು. ಎದ್ದು ಹೋಗಿ, "ಅಮ್ಮಾ, ಇವತ್ತು ಆ ಕಡೆ ಗೇಟಿನ ಹತ್ರ ಗುಡಿಸ್ಕೊಳ್ಳಿ. ಈ ಕಡೆ ತಿರುಗಿಯೂ ನೋಡ್ಬೇಡಿ" ಎಂದೆ. ಅವಳು ಕುರ್ಚಿಗಳ ಕಡೆ ನೋಡಿದಳು. ನನ್ನ ಕೈಯ ಶೀಲ್ಡ್ ನೋಡಿದಳು. ಏನು ತಿಳಿಯಿತೋ, "ಆಗ್ಲಪ್ಪಾ, ಚೆನ್ನಾಗಿ ಕೆಲಸ ಮಾಡು" ಎಂದು ಹೊರಟಳು.

"ಏನಯ್ಯಾ ಅವಳ ಹತ್ರ ಗುಟ್ಟು? ನೋಡಬಾರ್ದಾ ಇದನ್ನ?" ಅಧ್ಯಕ್ಷರಿಗೆ ಕಿವಿ ಚುರುಕು.

ಎಚ್ಚರಿಸಲು ಇನ್ನೂ ಒಂದು ಗಳಿಗೆ ಇತ್ತು. ಮೇಸ್ತ್ರಿಯ ಮಾತು ನೆನಪಿತ್ತು. ಶತ್ರು ನಿಂತಿದ್ದರೂ ಕೂಗಬೇಕು. ಸರಿ ಮೇಸ್ತ್ರಿ, ನಾನು ಪಾಪಿ.

"ನಿಮ್ಮಂಥೋರು ನೋಡದೇ ಇದ್ರೆ ಹೆಂಗೆ ಸಾರ್?" ಅಂದೆ. "ನೋಡಿ. ಚೆನ್ನಾಗಿ ನೋಡಿ. ಬೆಸುಗೆ ಎಲ್ಲಾದ್ರೂ ತಪ್ಪಿದ್ರೆ ಹೇಳಿ."

ಶೀಲ್ಡ್ ಮುಖಕ್ಕೆ ಹಿಡಿದು ರಾಡು ತಾಗಿಸಿದೆ.

ಒಂಬತ್ತು ಬೆಂಚುಗಳವರೆಗೆ, ಮಧ್ಯಾಹ್ನ ಊಟಕ್ಕೆ ಎದ್ದುಹೋಗುವ ತನಕ, ಅವರು ಕುರ್ಚಿಗಳನ್ನು ಹೊತ್ತುಕೊಂಡು ನನ್ನ ಹಿಂದೆಯೇ ಬಂದರು. ಬಿಸಿಲಲ್ಲಿ ಬಗ್ಗಿ ಬಗ್ಗಿ ನನ್ನ ಸೊಂಟ ಮುರಿಯಿತು. ಕಿಡಿ ಅಂಗಿಯ ತೋಳು ತೂತು ಮಾಡಿ ಚರ್ಮ ಸುಟ್ಟಿತು. ಬೆವರು ಶೀಲ್ಡಿನ ಒಳಗೆ ಸುರಿಯಿತು. ಹಿಂದಿನಿಂದ ಮಾತು ಬರುತ್ತಲೇ ಇತ್ತು. ಆ ಕಂಬಿ ಸೊಟ್ಟ, ಈ ಕಡೆ ಇನ್ನೊಂದು ಸಲ ಹಾಕು, ಎಂಥ ಬೆಳಕು ನೋಡ್ರೀ. ರಾಡು ಮುಗಿದಾಗಲೆಲ್ಲ ಹೊಸದು ಸಿಕ್ಕಿಸಿದೆ. ಒಂದು ಟ್ಯಾಕ್ ಸಾಕಾಗುವ ಕಡೆ ನಾಲ್ಕು ಹಾಕಿದೆ. ಅವರಿಗೆ ನೋಡುವ ಆಸೆ. ನನಗೆ ತೋರಿಸುವ ಆಸೆ. ಮೂರನೇ ಬೆಂಚಿಗೆ ಮಾತ್ರ ಎರಡೇ ಎರಡು ಚುಕ್ಕೆ ಹಾಕಿ, ಮೇಲೆ ದಪ್ಪಗೆ ಬಣ್ಣ ಬಳಿದೆ. ಬಣ್ಣ ಬಳಿದರೆ ಎಲ್ಲ ಬೆಸುಗೆಯೂ ಗಟ್ಟಿ. ಪೇಂಟರ್ ಕಲಿಸಿದ ವಿದ್ಯೆ. ಅಧ್ಯಕ್ಷರು ಆ ಕಂಬಿಯನ್ನು ತಟ್ಟಿ ನೋಡಿ, "ಭೇಷ್" ಅಂದರು.

ಸಂಜೆ ಮನೆಗೆ ಬಂದು ಹೇಳಿದೆ. ಖುಷಿಯಿಂದಲೇ ಹೇಳಿದೆ, ಸುಳ್ಳೇಕೆ. ಹೊಟ್ಟೆ ತಣ್ಣಗಾಗಿತ್ತು. ಅವನು ನಗುತ್ತಾನೆ ಅಂದುಕೊಂಡಿದ್ದೆ.

ಅವನು ಟೀ ಲೋಟ ಕೆಳಗಿಟ್ಟ. ಇಡುವಾಗ ಮೇಜಿನ ಅಂಚು ತಪ್ಪಿ, ಕೈಯಿಂದ ತಡವಿ ಸರಿ ಮಾಡಿಕೊಂಡ. "ಅಮ್ಮಂಗೆ ಹೇಳಿದ್ಯಾ ನೋಡ್ಬೇಡ ಅಂತ?"

"ಹೇಳ್ದೆ."

"ಒಳ್ಳೇದಾಯ್ತು." "ಅವರಿಗೆ ಎಷ್ಟು ದಿನ?"

"ಎರಡು ದಿನ."

"ನಂಗೆ?"

ಮೇಜಿನ ಮೇಲೆ ಚೆಲ್ಲಿದ ಟೀಯನ್ನು ಒರೆಸಿದೆ.

"ನೀನು ಯಾರು ಅಂತ ಅವರಿಗೆ ಗೊತ್ತಾಯ್ತಾ?"

"ಇಲ್ಲ. ಗೊತ್ತಾಗಿದ್ರೆ ಬಿಡ್ತಿದ್ರಾ?"

"ಹಂಗಾದ್ರೆ ಇದು ನನಗೋಸ್ಕರ ಮಾಡಿದ್ದು ಅನ್ಬೇಡ" ಎಂದ. ದನಿ ಏರಿಸಲಿಲ್ಲ. "ಅವತ್ತು ಬೇಲಿ ಹಾರಿದೆ. ಇವತ್ತು ಶೀಲ್ಡ್ ಹಿಂದೆ ಕೂತೆ. ಎರಡೂ ಬಚ್ಚಿಟ್ಕೊಂಡಿದ್ದೇ. ನಾನು ಬಾಯಿ ಬಿಡದೇ ಇದ್ದಿದ್ದು ನೀನು ಜನ್ಮವೆಲ್ಲ ಹೀಗೆ ಬಚ್ಚಿಟ್ಕೊಂಡಿರ್ಲಿ ಅಂತ ಅಲ್ಲ ಕಣೋ. ನೀನೇ ಬಂದು ಹೇಳ್ತೀಯ ಅಂತ. ಅವತ್ತೇ ವಾಪಸ್ ಬರ್ತೀಯ ಅಂತ. ಬಿದ್ಕೊಂಡೇ ಗೇಟಿನ ಕಡೆ ನೋಡ್ತಿದ್ದೆ. ಎರಡೂ ಕಣ್ಣಲ್ಲಿ."

ನಾಲ್ಕು ತಿಂಗಳು ಆಡದಿದ್ದ ಮಾತು ಅದು. ಹೇಳಿ, ತನ್ನ ಮಂಚಕ್ಕೆ ಹೋಗಿ ಗೋಡೆ ಕಡೆ ತಿರುಗಿ ಮಲಗಿದ. ಆ ಮಾತಿಗಿಂತ ಅಧ್ಯಕ್ಷರ ಊರುಗೋಲು ಮೆತ್ತಗಿದ್ದೀತು.

ಮಾರನೆಯ ಬೆಳಿಗ್ಗೆ ಅವನನ್ನು ಕಣ್ಣಿನ ಆಸ್ಪತ್ರೆಯಲ್ಲಿ ತೋರಿಸಬೇಕಿತ್ತು. ಊರಿಗೆಲ್ಲ ಇರುವುದು ಅದೊಂದೇ ಕಣ್ಣಿನ ಆಸ್ಪತ್ರೆ. ಉದ್ದನೆಯ ಮೊಗಸಾಲೆ, ಎದುರುಬದುರು ಬೆಂಚುಗಳು, ಮೂವತ್ತು ನಲವತ್ತು ಜನ. ಒಳಗೆ ಕಾಲಿಡುತ್ತಲೇ ನರಳಾಟ ಕೇಳಿಸಿತು. ಸಮಿತಿ ಸಾಲಾಗಿ ಕೂತಿತ್ತು. ಏಳಕ್ಕೆ ಏಳೂ. ಎಲ್ಲರ ಕಣ್ಣಿನ ಮೇಲೂ ಒದ್ದೆ ಹತ್ತಿ. ಮೂಗು ಸೋರುತ್ತಿತ್ತು, ಗಲ್ಲ ಊದಿತ್ತು. ನಿನ್ನೆ ಬೆಸುಗೆಗೆ ಬುದ್ಧಿ ಹೇಳುತ್ತಿದ್ದವನೊಬ್ಬ ಎಳೆ ಮಗುವಿನಂತೆ ಬಿಕ್ಕುತ್ತಿದ್ದ.

ನರ್ಸ್ ಬೈಯುತ್ತಿದ್ದಳು. "ಯಾರಾದ್ರೂ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೂ ವೆಲ್ಡಿಂಗ್ ನೋಡ್ತಾ ಕೂತ್ಕೋತಾರಾ? ಚಿಕ್ಕ ಮಕ್ಕಳಾ ನೀವು? ನೋಡೋಕೆ ಬೇರೆ ಏನೂ ಸಿಗ್ಲಿಲ್ವಾ?"

"ಆ ಕಳ್ಳ ವೆಲ್ಡರ್ ಹೇಳ್ಲೇ ಇಲ್ಲ ಸಿಸ್ಟರ್" ಎಂದರು ಅಧ್ಯಕ್ಷರು. ಊರುಗೋಲು ಅವರ ಮೊಣಕಾಲಿಗೆ ಒರಗಿತ್ತು.

ಪೇಂಟರ್ ಅವರ ಎದುರಿನ ಬೆಂಚಿನಲ್ಲೇ ಹೋಗಿ ಕೂತ. ಇದ್ದ ಒಂದು ಕಣ್ಣಿನಿಂದ ಒಬ್ಬೊಬ್ಬರನ್ನೇ ನೋಡಿದ. ಯಾರನ್ನೂ ಬಿಡಲಿಲ್ಲ, ನಿಧಾನವಾಗಿ ನೋಡಿದ. ಅವನ ತುಟಿಯ ಕೊನೆ ಅಲುಗಿತು. ನಾಲ್ಕು ತಿಂಗಳಲ್ಲಿ ನಾನು ಕಂಡ ಮೊದಲ ನಗು. ಒಳ್ಳೆಯ ನಗು ಅಲ್ಲ ಅದು. ನನಗೆ ಅದೇ ಬೇಕಾಗಿತ್ತು.

ಆಮೇಲೆ ತನ್ನ ಕೈಯನ್ನು ಬೆಂಚಿನ ಮೇಲೆ, ನಮ್ಮಿಬ್ಬರ ನಡುವೆ, ಅಂಗೈ ಮೇಲೆ ಮಾಡಿ ಇಟ್ಟ. ನನ್ನ ಕಡೆ ನೋಡಲಿಲ್ಲ.

ಏಳು ಜನರಿಗೆ ಕಣ್ಣಿರಲಿಲ್ಲ. ಉಳಿದವರಿಗೆ ಇತ್ತು. ನರ್ಸಿಗೆ ಇತ್ತು. ಪೊರೆ ತೆಗೆಸಲು ಬಂದ ಅಜ್ಜಿಗೆ ಅರ್ಧ ಇತ್ತು. ಬಾಗಿಲಲ್ಲಿ ಕಾವಲುಗಾರ ದೊಣ್ಣೆ ಹಿಡಿದು ನಿಂತಿದ್ದ. ನನ್ನ ಕಾಲು ಬಾಗಿಲ ಕಡೆ ತಿರುಗಿತು. ಓಡುವ ಕಾಲಿಗೆ ಒಂದೇ ವಿದ್ಯೆ ಗೊತ್ತು.

ಕೈ ಹಿಡಿದೆ. ಬೆರಳಿಗೆ ಬೆರಳು ಸೇರಿಸಿ ಹಿಡಿದೆ. ಅಜ್ಜಿ ನೋಡಿದಳು. ನರ್ಸ್ ನೋಡಿ, ಮಾತು ಅರ್ಧಕ್ಕೇ ನಿಲ್ಲಿಸಿದಳು. ಮೊಗಸಾಲೆಯ ಗದ್ದಲ ಇಳಿಯಿತು. ಆಗ ನಾನು ಎದ್ದು ನಿಂತು, ಕೈ ಬಿಡದೆ, ಶೆಡ್ಡಿನಲ್ಲಿ ಕೂಗುವಷ್ಟೇ ಜೋರಾಗಿ ಕೂಗಿದೆ.

"ಕಣ್ಣು!"

ಏಳು ತಲೆಗಳೂ ಮೇಲೆದ್ದವು.

"ಯಾರದು?" ಎಂದರು ಅಧ್ಯಕ್ಷರು.

"ನಿನ್ನೆ ಕೂಗೋದು ಮರೆತಿದ್ದೆ ಸಾರ್. ಇಲ್ಲ, ಮರೀಲಿಲ್ಲ. ಬೇಕಂತಲೇ ಕೂಗ್ಲಿಲ್ಲ. ನಾನು ಬೆಂಚಿನ ವೆಲ್ಡರ್."

"ನೀನಾ? ಬೇವರ್ಸಿ ನನ್ಮಗನೇ! ಹಿಡ್ಕೊಳ್ರೋ ಅವನನ್ನ!" ಯಾರು ಹಿಡಿಯುತ್ತಾರೆ? ಪಕ್ಕದವನು ಎದ್ದು ಕೈ ಚಾಚಿ ಗೋಡೆ ಹಿಡಿದುಕೊಂಡ.

"ಇನ್ನೂ ಇದೆ, ಕೇಳಿ. ನಾಲ್ಕು ತಿಂಗಳ ಹಿಂದೆ ಓಡಿಹೋದ ಹೇಡಿ ನನ್ಮಗನೂ ನಾನೇ. ಹೆಸರು ಹೇಳು ಅಂತ ಇವನ ಕಣ್ಣಿಗೆ ಕೋಲು ಒತ್ತಿದ್ರಲ್ಲ, ಆ ಹೆಸರು ನಂದು. ಇವನು ಕಾಲು ಜಾರಿ ಬಿದ್ದಿಲ್ಲ. ಇಲ್ಲಿರೋರೆಲ್ಲ ಕೇಳಿಸ್ಕೊಳ್ಳಿ. ಮುತ್ತು ಕೊಟ್ಟಿದ್ದಕ್ಕೆ ಈ ಏಳು ಜನ ಸೇರಿ ಒಬ್ಬನ ಕಣ್ಣು ತೆಗೆದಿದ್ದಾರೆ. ಅವತ್ತು ನಾನು ಬಾಯಿ ಬಿಡ್ಲಿಲ್ಲ. ಇವತ್ತು ಬಿಡ್ತಿದೀನಿ. ಇನ್ನು ಠಾಣೇಲೂ ಬಿಡ್ತೀನಿ."

ಕಾವಲುಗಾರ ಒಂದು ಹೆಜ್ಜೆ ಮುಂದೆ ಬಂದ. ಅಜ್ಜಿ ತನ್ನ ಕೈಚೀಲವನ್ನು ಅವನ ದಾರಿಗೆ ಅಡ್ಡ ಇಟ್ಟು, "ಮಾತಾಡ್ಲಿ ಬಿಡಪ್ಪಾ" ಎಂದಳು. ಬೇರೆ ಯಾರೂ ನಮ್ಮ ಪರ ಏನೂ ಅನ್ನಲಿಲ್ಲ. ಒಬ್ಬ ಥೂ ಎಂದು ಉಗಿದು ಮುಖ ತಿರುಗಿಸಿದ. ತಿರುಗಿಸಲಿ. ಅದನ್ನೇ ಅಲ್ಲವೇ ನಾನು ಹದಿನೇಳು ವರ್ಷ ಕೂಗಿ ಹೇಳಿದ್ದು.

ಅಧ್ಯಕ್ಷರು ಹತ್ತಿ ಕಿತ್ತುಹಾಕಿ ರೆಪ್ಪೆ ಬಿಡಿಸಲು ನೋಡಿದರು. ಕೆಂಡದಂಥ ಗೆರೆ ಕಂಡಿತು, ಅಷ್ಟೇ. ಅಯ್ಯೋ ಎಂದು ಮುಖ ಮುಚ್ಚಿಕೊಂಡರು.

"ಅವಸರ ಬೇಡ ಸಾರ್. ನಾಳೆ ಸಂಜೆಗೆ ತೆರೆಯುತ್ತೆ. ನಿಮ್ಮದು ತೆರೆಯೋ ಕಣ್ಣು. ತೆರೆದ ಮೇಲೆ ಪಾರ್ಕಿಗೆ ಬನ್ನಿ. ಮೂರನೇ ಬೆಂಚು. ಭೇಷ್ ಅಂದ್ರಲ್ಲ, ಆ ಕಂಬಿಗೆ ಹಾಕಿರೋದು ಎರಡೇ ಚುಕ್ಕೆ. ಒಂದು ಏಟಿಗೆ ಕಿತ್ತು ಬರುತ್ತೆ. ನಾವಿಬ್ಬರೂ ಅಲ್ಲೇ ಕೂತಿರ್ತೀವಿ. ನೋಡಿ ಬನ್ನಿ."

ಅಧ್ಯಕ್ಷರ ಕೈ ಊರುಗೋಲಿಗಾಗಿ ತಡಕಾಡಿತು. ಮೊಣಕಾಲಿಂದ ಜಾರಿ ಅದು ನೆಲಕ್ಕೆ ಬಿದ್ದು, ಉರುಳಿ, ನಮ್ಮ ಕಾಲ ಹತ್ತಿರ ಬಂತು. ಪೇಂಟರ್ ಬಗ್ಗಿದ. ಮೊದಲ ಸಲ ಕೈ ನೆಲಕ್ಕೆ ತಾಗಿತು, ಎರಡನೇ ಸಲ ಕೋಲು ಸಿಕ್ಕಿತು. ಅದರ ಕಬ್ಬಿಣದ ತುದಿಯನ್ನು ಹತ್ತಿರ ಹಿಡಿದು ನೋಡಿದ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ತಡೆಯುತ್ತಿರಲಿಲ್ಲ.

ಅವನು ಕೋಲನ್ನು ಕಂಕುಳಲ್ಲಿ ಇರುಕಿಕೊಂಡು ನನ್ನ ಕೈ ಹಿಡಿದು ಎದ್ದ.

"ಬಾ" ಎಂದ. "ಕಂಬಿ ಕೀಳೋಕೆ ಇದೇ ಸಾಕು."